ಸೂಜಿಮೊನೆ ಗಾಯಕ್ಕೆ ಹನ್ನೊಂದು ಹೊಲಿಗೆ

ಹೊಲಿಗೆ ಬೀಳದ್ದು ಆಪರೇಷನ್ ಅಲ್ಲ. ಮಂಡ್ಯದ ಸಕಲಕ್ಷೇಮ ಆಸ್ಪತ್ರೆಯ ನಿಯಮಾವಳಿ ಹದಿನಾಲ್ಕನೆಯ ನಿಯಮದಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ: ಎರಡು ಅಂಗುಲಕ್ಕೆ ಕಡಿಮೆಯಿಲ್ಲದ ಗಾಯ, ಐದಕ್ಕೆ ಕಡಿಮೆಯಿಲ್ಲದ ಹೊಲಿಗೆ, ಇವೆರಡೂ ಕಂಡುಬಂದಲ್ಲಿ ಮಾತ್ರ ಅದನ್ನು ಶಸ್ತ್ರಚಿಕಿತ್ಸೆಯೆಂದು ಪರಿಗಣಿಸತಕ್ಕದ್ದು. ಉಳಿದದ್ದನ್ನೆಲ್ಲ 'ಇಂಜೆಕ್ಷನ್ ಇತ್ಯಾದಿ' ಎಂಬ ಕಾಲಂನಲ್ಲಿ ನಮೂದಿಸತಕ್ಕದ್ದು.

ಮೂರನೇ ಮಹಡಿಯ ಡಾಕ್ಟರ್ ತರನ್ನುಮ್ ಮೂರು ವರ್ಷದಿಂದ ಈ ಇತ್ಯಾದಿಯಲ್ಲೇ ಇದ್ದರು. ಅವರ ಕೆಲಸ ಇಷ್ಟೇ. ರೋಗಿಯ ತೊಡೆಸಂದಿನಲ್ಲೋ ಮಣಿಕಟ್ಟಿನಲ್ಲೋ ರಾಗಿಕಾಳಿನಷ್ಟು ತೂತು ಮಾಡಿ, ಶಾವಿಗೆಯಂಥ ಕೊಳವೆಯೊಂದನ್ನು ರಕ್ತನಾಳಕ್ಕೆ ತೂರಿಸಿ, ಎಕ್ಸ್‌ರೇ ಪರದೆ ನೋಡುತ್ತ ಕಾಯಿಲೆ ಇರುವಲ್ಲಿಗೆ ಹೋಗುವುದು. ನಾಳ ಕಟ್ಟಿಕೊಂಡಿದ್ದರೆ ಪುಟಾಣಿ ಬಲೂನು ಉಬ್ಬಿಸಿ ಬಿಡಿಸುವುದು, ಒಡೆದು ರಕ್ತ ಸೋರುತ್ತಿದ್ದರೆ ಮುಚ್ಚುವುದು. ಗದ್ದೆಗೆ ನೀರು ಹಾಯಿಸುವ ಯಾರಿಗೆ ಹೇಳಿದರೂ ಒಂದೇ ಮಾತಿಗೆ ಅರ್ಥವಾಗುತ್ತಿತ್ತು. ಅರ್ಥವಾಗದೆ ಉಳಿದದ್ದು ರಿಜಿಸ್ಟರಿಗೆ ಮಾತ್ರ. ಅದರಲ್ಲಿ ತರನ್ನುಮ್ ಅವರ ಹೆಸರಿನ ಮುಂದೆ ಆಪರೇಷನ್ನುಗಳು ಸೊನ್ನೆ, ಇಂಜೆಕ್ಷನ್ ಇತ್ಯಾದಿ ಆರುನೂರ ಹನ್ನೆರಡು ಎಂದಿತ್ತು.

ಆಡಳಿತಾಧಿಕಾರಿ ಹೊನ್ನಯ್ಯನವರು ಕೆಟ್ಟವರಲ್ಲ, ಫೈಲು ಹೇಳಿದಂತೆ ನಡೆಯುವವರು. ಮೂರು ವರ್ಷ ಒಂದೂ ಆಪರೇಷನ್ ನಡೆಯದ ಕೊಠಡಿಯನ್ನು ಒಂದನೇ ತಾರೀಖಿನಿಂದ ಹಳೇ ಮಂಚಗಳ ಉಗ್ರಾಣವಾಗಿ ಪರಿವರ್ತಿಸಲಾಗುವುದು ಎಂದು ಅವರು ಮೆಮೊ ಕಳಿಸಿದರು. ಆಗ ವಾರ್ಡಿನಲ್ಲಿ ಕಾಲ್ಬೆರಳು ಕಪ್ಪಾಗುತ್ತಿದ್ದ ನಾಲ್ವರು ತಮ್ಮ ಸರದಿಗಾಗಿ ಕಾಯುತ್ತಿದ್ದರು. ಕೊಠಡಿ ಮುಚ್ಚಿದರೆ ಅವರು ಊರೂರು ಅಲೆಯಬೇಕು, ಅಷ್ಟರಲ್ಲಿ ಕಾಲು ಹೋಗುತ್ತದೆ. ಮೆಮೊ ಓದಿ ತರನ್ನುಮ್ ಅವರಿಗೆ ಅಳು ಬಂತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುವುದನ್ನು ಮದ್ದೂರಿನ ಶಾಲೆಯಲ್ಲಿ ಓದಿದ್ದರು, ಪೂಜಾರಿಯನ್ನು ನೋಡಿದ್ದು ಈಗಲೇ.

ಗುಣವಾದ ರೋಗಿಯೊಬ್ಬನಿಂದ ಪತ್ರ ಬರೆಸಿ ಹೊನ್ನಯ್ಯನವರಿಗೆ ಕೊಡೋಣ ಎಂದುಕೊಂಡು ಅವರು ಕಿರುಗಾವಲಿನ ಚಿಕ್ಕಮಾದುವಿಗೆ ಫೋನು ಮಾಡಿದರು. ಮಂಡಿಯವರೆಗೆ ಕಾಲು ತೆಗೆಯಬೇಕೆಂದು ಬೇರೆ ಆಸ್ಪತ್ರೆಯಲ್ಲಿ ಹೇಳಿಸಿಕೊಂಡಿದ್ದ ಚಿಕ್ಕಮಾದು, ಇಲ್ಲಿ ಬಲೂನು ಹಾಕಿಸಿಕೊಂಡು ಮೂರನೇ ದಿನ ನಡೆದುಕೊಂಡೇ ಬಸ್ಸು ಹತ್ತಿದ್ದ. ಪತ್ರ ಬರಲಿಲ್ಲ. ಹೆಂಡತಿ ಬೆಟ್ಟಮ್ಮನ ಜೊತೆ ಅವನೇ ಬಂದ, ಅದೂ ದೂರು ಹೇಳುವುದಕ್ಕೆ.

"ನೀವು ಒಳ್ಳೇದೇ ಮಾಡಿದ್ರಿ ಕಣವ್ವ, ಇಲ್ಲ ಅನ್ನಾಕಿಲ್ಲ," ಎಂದಳು ಬೆಟ್ಟಮ್ಮ. "ಆದ್ರೆ ನಮ್ ಮರ್ವಾದೆ ಓಯ್ತು."

ಸಂಗತಿ ಹೀಗಿತ್ತು. ಆ ಕಡೆ ಆಪರೇಷನ್ ಆದವರನ್ನು ನೋಡಲು ಬ್ರೆಡ್ಡು, ಮೂಸಂಬಿ ಹಿಡಿದು ಬರುವ ನೆಂಟರು ಹೇಗಿದ್ದೀಯ ಎಂದು ಮೊದಲು ಕೇಳುವುದಿಲ್ಲ, ಎಷ್ಟು ಹೊಲಿಗೆ ಎಂದು ಕೇಳುತ್ತಾರೆ. ಚಿಕ್ಕಮಾದುವಿನ ದಾಯಾದಿ ಸಿದ್ದೇಶ ಕೇಳಿದಾಗ ಇವನು ಪಂಚೆ ಸರಿಸಿ ಆ ತೂತು ತೋರಿಸಿದ. ಸೊಳ್ಳೆ ಕಚ್ಚಿದ್ದಕ್ಕೆ ಮೂಸಂಬಿ ಯಾಕೆ ಎಂದು ಸಿದ್ದೇಶ ತಂದ ಚೀಲವನ್ನು ಹಾಗೆಯೇ ವಾಪಸ್ಸು ಒಯ್ದ. ಚಿಕ್ಕಮಾದು ನಾಟಿಗೆ ಚಕ್ಕರ್ ಹೊಡೆಯಲು ಆಪರೇಷನ್ನಿನ ನೆಪ ಹೇಳಿದ ಎಂದು ಊರೇ ತೀರ್ಪು ಕೊಟ್ಟಿತು. ಅವನು ಎರಡು ಕಾಲಿನ ಮೇಲೆ ನಿಂತಿದ್ದದ್ದೇ ಅದಕ್ಕೆ ಸಾಕ್ಷಿಯಾಯಿತು.

"ಕಾಲು ಉಳೀತು, ಸರಿ," ಎಂದ ಚಿಕ್ಕಮಾದು. "ಈಗ ಒಲಿಗೆ ಆಕ್ಕೊಡಿ."

ಚೆನ್ನಾಗಿರುವ ಚರ್ಮಕ್ಕೆ ಸೂಜಿ ಚುಚ್ಚುವುದು ವೈದ್ಯಧರ್ಮವಲ್ಲ ಎಂದು ತರನ್ನುಮ್ ಕಡ್ಡಿ ಮುರಿದಂತೆ ಹೇಳಿದರು. ಬೆಟ್ಟಮ್ಮ ಡಾಕ್ಟರನ್ನು ಕನಿಕರದಿಂದ ನೋಡಿದಳು.

"ಚರ್ಮಕ್ಯಾಕವ್ವಾ? ಬ್ಯಾಂಡೇಜ್ ಬಟ್ಟೆಗೆ ಆಕ್ಸಿ."

ಆಸ್ಪತ್ರೆಯ ಹೊದಿಕೆ, ನಿಲುವಂಗಿಗಳನ್ನು ಹೊಲಿಯುವ ಟೈಲರ್ ಮಜೀದ್ ಕೆಳಗೆ ಜಗಲಿಯಲ್ಲೇ ಕೂರುತ್ತಿದ್ದ. ಅವನು ಅಗಲವಾದ ಬ್ಯಾಂಡೇಜು ತೆಗೆದುಕೊಂಡು, ಸೀಮೆಸುಣ್ಣದಲ್ಲಿ ನಾಲ್ಕು ಅಂಗುಲದ ಗೆರೆ ಎಳೆದು, ಕರಿ ದಾರದಲ್ಲಿ ಹನ್ನೊಂದು ಹೊಲಿಗೆ ಹಾಕಿದ. ಹನ್ನೊಂದೇ ಯಾಕೆಂದರೆ ಸಿದ್ದೇಶನ ಹರ್ನಿಯಾಕ್ಕೆ ಒಂಬತ್ತು ಬಿದ್ದಿದ್ದವು. ಚಿಕ್ಕಮಾದು ಅದನ್ನು ತೊಡೆಗೆ ಕಟ್ಟಿಕೊಂಡದ್ದೇ ತಡ, ಅದುವರೆಗೆ ಸರಾಗವಾಗಿ ನಡೆಯುತ್ತಿದ್ದವನು ಕುಂಟತೊಡಗಿದ. ಬೆಟ್ಟಮ್ಮನ ಕಣ್ಣಲ್ಲಿ ನೀರು ತುಂಬಿತು. ಈಗ ನೋಡಿದರೆ ಆಪರೇಷನ್ ಆದ ಗಂಡಸಿನ ಹಾಗೆ ಕಾಣುತ್ತಾನೆ ಎಂದು ಅವಳಿಗೆ ಸಂತೋಷವಾಗಿತ್ತು.

ಅದೇ ಹೊತ್ತಿಗೆ ಮಂಚಗಳಿಗೆ ಜಾಗ ಅಳೆಯಲು ಟೇಪು ಹಿಡಿದು ಬಂದ ಹೊನ್ನಯ್ಯನವರು, ಕೊಠಡಿ ಬಿಟ್ಟು ಚಿಕ್ಕಮಾದುವಿನ ಬ್ಯಾಂಡೇಜನ್ನು ಅಳೆದರು. ಹೊಲಿಗೆಗಳನ್ನು ಎರಡು ಸಲ ಎಣಿಸಿದರು. ಗಾಯವಾಗಲಿ ಹೊಲಿಗೆಯಾಗಲಿ ಚರ್ಮದ ಮೇಲೆಯೇ ಇರಬೇಕೆಂದು ಯಾವ ನಿಯಮವೂ ಇಲ್ಲ ಎಂಬುದನ್ನು ಖಚಿತಪಡಿಸಿಕೊಂಡು, ರಿಜಿಸ್ಟರಿನಲ್ಲಿ 'ಆಪರೇಷನ್: ಒಂದು' ಎಂದು ಬರೆದರು. ಅವರಿಗೂ ಒಳಗೊಳಗೇ ಖುಷಿಯಾದಂತಿತ್ತು. ಮಾರನೆಯ ದಿನ ಪ್ರಕಟಣೆ ಸಿದ್ಧವಾಯಿತು:

'ಮೂರನೇ ಮಹಡಿಯಲ್ಲಿ ಗಾಯವಿಲ್ಲದೆ ಗುಣಮುಖರಾದವರು ಮನೆಗೆ ತೆರಳುವ ಮುನ್ನ ಟೈಲರಿಂಗ್ ಶಾಖೆಯಲ್ಲಿ ಕಡ್ಡಾಯವಾಗಿ ಹಾಜರಾಗತಕ್ಕದ್ದು. ಹೊಲಿಗೆಗಳ ಸಂಖ್ಯೆಯನ್ನು ಮನೆಯ ಹಿರಿಯರೊಂದಿಗೆ ಚರ್ಚಿಸಿ ತಿಳಿಸುವುದು. ಒಮ್ಮೆ ಹಾಕಿದ ಹೊಲಿಗೆಯನ್ನು ಕಡಿತಗೊಳಿಸಲಾಗುವುದಿಲ್ಲ.'

ತರನ್ನುಮ್ ಅವರಿಗೆ ನಾಚಿಕೆಯಾಯಿತು. ಆದರೆ ಆ ನಾಲ್ವರ ಕಾಲು ನೆನೆದು ಪ್ರಕಟಣೆಗೆ ಸಹಿ ಹಾಕಿದರು. ಆ ವಾರವೇ ನಾಲ್ವರಿಗೂ ಬಲೂನು ಹಾಕಿದರು. ನಾಲ್ವರೂ ಮೆಟ್ಟಿಲಿಳಿದು ಮಜೀದನ ಹತ್ತಿರ ಹೋಗುವುದನ್ನು ಕಿಟಕಿಯಿಂದ ನೋಡಿ ಅವರಿಗೆ ನಾಚಿಕೆಯೆಲ್ಲ ಹೊರಟುಹೋಯಿತು. ಮೊದಲೇ ಗುಣವಾಗಿ ಹೋಗಿದ್ದ ಹಳಬರಿಗಾಗಿ ಮದ್ದೂರಿನಲ್ಲೂ ಮಳವಳ್ಳಿಯಲ್ಲೂ ಹೊಲಿಗೆ ಶಿಬಿರಗಳು ನಡೆದವು. ಇಲ್ಲೇ ಕೊಳವೆಯಿಂದ ಯಕೃತ್ತಿನ ಕೀವು ತೆಗೆಸಿಕೊಂಡಿದ್ದ ವಿ.ಸಿ. ಫಾರಂನ ಕೃಷಿ ವಿಜ್ಞಾನಿಯೊಬ್ಬರು ಇದೆಲ್ಲ ಮೂಢನಂಬಿಕೆ ಎಂದು ಅರ್ಧ ಗಂಟೆ ವಾದಿಸಿ, ತಮಗೆ ಏಳು ಸಾಕು ಎಂದರು.

ತಿಂಗಳ ಕೊನೆಗೆ ಗುಣಮಟ್ಟ ತಪಾಸಣಾ ಸಮಿತಿ ಬಂತು. ಮೂರನೇ ಮಹಡಿಯ ಹೊಲಿಗೆಗಳು ನೇರವಾಗಿಯೂ ಸಮನಾಗಿಯೂ ಇದ್ದು, ಒಂದರಲ್ಲೂ ಕೀವು ಕಾಣದಿರುವುದು ಶ್ಲಾಘನೀಯ ಎಂದು ಬರೆಯಿತು. ಕೊಠಡಿಯನ್ನು ಮುಚ್ಚುವ ಬದಲು ಇನ್ನೊಂದು ಕೊಡತಕ್ಕದ್ದು ಎಂದಿತು. ಆಮೇಲೆ ಎರಡನೇ ಮಹಡಿಗೆ ಇಳಿದು, ಇಪ್ಪತ್ತೆರಡು ವರ್ಷದಿಂದ ಹೊಟ್ಟೆ ಕೊಯ್ಯುತ್ತಿರುವ ಸರ್ಜನ್ ಅಶೋಕರ ರೋಗಿಗಳನ್ನು ನೋಡಿತು. ಅಲ್ಲಿನ ಹೊಲಿಗೆಗಳು ಊದಿಕೊಂಡು ಸೊಟ್ಟಗಿದ್ದವು. ಮಾದರಿಗೆ ಅನುಗುಣವಾಗಿಲ್ಲವೆಂಬ ಕಾರಣಕ್ಕೆ ಅವರ ಒಂದು ವರ್ಷದ ಆಪರೇಷನ್ನುಗಳನ್ನೆಲ್ಲ 'ಇಂಜೆಕ್ಷನ್ ಇತ್ಯಾದಿ'ಗೆ ವರ್ಗಾಯಿಸಲಾಯಿತು.

ಮಾರನೆಯ ದಿನ ಡಾಕ್ಟರ್ ಅಶೋಕ್ ಮೂರನೇ ಮಹಡಿಗೆ ಹತ್ತಿ ಬಂದು, ತರನ್ನುಮ್ ಅವರ ಬಾಗಿಲು ತಟ್ಟಿದರು. ತಮ್ಮದೊಂದು ಅಪೆಂಡಿಕ್ಸ್ ಕೇಸಿದೆ, ಮಜೀದನಿಗೆ ಒಂದು ಮಾತು ಹೇಳಲಾದೀತೇ ಎಂದು ಕೇಳಿದರು.

"ಎಷ್ಟು ಹಾಕಿಸಲಿ ಸರ್?" ಎಂದರು ತರನ್ನುಮ್, ಹೊಲಿಗೆಯ ಟೋಕನ್ ಪುಸ್ತಕ ತೆರೆಯುತ್ತ.

"ಆರು ಹಾಕಿದ್ದೆ. ನಾಳೆ ರೋಗಿಯ ಬೀಗರು ನೋಡೋಕೆ ಬರ್ತಾರಂತೆ. ಹದಿನೈದು ಇರಲಿ."

ತರನ್ನುಮ್ ಬರೆದುಕೊಂಡು ಟೋಕನ್ ಹರಿದು ಕೊಟ್ಟರು. ಅಶೋಕ್ ಅದನ್ನು ಜೇಬಿಗೆ ಹಾಕಿಕೊಂಡು, ಮಜೀದನ ಸಾಲು ಎಲ್ಲಿಂದ ಶುರು ಎಂದು ವಿಚಾರಿಸುತ್ತ ಕೆಳಗಿಳಿದರು.