ಕೋಳಿಗಳಿಗೆ ಬೆಳ್ಳುಳ್ಳಿ, ನನಗೆ ಚಿಂತೆ

ಹೆಂಡತಿ ಹೇಳಿದ್ದಕ್ಕೆಲ್ಲ ಹೂಂ ಅಂದುಬಿಡುವುದರಲ್ಲಿ ನಾನು ಪಳಗಿದವನು. ಅದರಿಂದ ಸಂಸಾರ ಸುಖವಾಗಿದೆ; ಕೋಳಿ ಶೆಡ್ಡು ಮಾತ್ರ ಆಗಾಗ ಗಂಡಾಂತರಕ್ಕೆ ಸಿಕ್ಕಿಕೊಳ್ಳುತ್ತದೆ. ಚಿಕ್ಕಜಾಲದ ಪಕ್ಕ ನಮ್ಮ ಜಮೀನೆಲ್ಲ ಲೇಔಟಾಗಿ, ಉಳಿದ ತುಂಡಿನಲ್ಲಿ ಬ್ರಾಯ್ಲರ್ ಕೋಳಿ ಸಾಕಿಕೊಂಡಿದ್ದೇವೆ. ಮರಿಗಳು ಬೇಗ ಮೈ ತುಂಬಿಕೊಳ್ಳಲಿ ಎಂದು ಮೇವಿಗೆ ಆ್ಯಂಟಿಬಯೋಟಿಕ್ ಪುಡಿ ಬೆರೆಸುವುದು ನಮ್ಮ ವಾಡಿಕೆ. ನನ್ನ ಹೆಂಡತಿ ಪದ್ಮ ಹೆಸರಘಟ್ಟದಲ್ಲಿ ಯಾವುದೋ ತರಬೇತಿಗೆ ಹೋಗಿ ಬಂದವಳೇ, "ಕಾಯಿಲೆ ಇಲ್ಲದ ಕೋಳಿಗೆ ಔಷಧಿ ಯಾಕ್ರೀ? ಹಿಂಗೇ ಹಾಕ್ತಿದ್ರೆ ನಾಳೆ ನಮಗೆ ಜ್ವರ ಬಂದಾಗ ಮಾತ್ರೆನೇ ನಾಟಲ್ವಂತೆ" ಎಂದು ಪುಡಿ ನಿಲ್ಲಿಸಿದಳು. ಅದರ ಬದಲು ಒಣಗಿಸಿದ ನುಗ್ಗೆಸೊಪ್ಪು, ಬೆಳ್ಳುಳ್ಳಿ, ಅರಿಶಿನ, ಮೆಣಸು. ಅಡುಗೆಮನೆಯ ಮಿಕ್ಸಿ ಶೆಡ್ಡಿಗೆ ವರ್ಗವಾಯಿತು. ನಮ್ಮ ಸಾರು ಬೆಳ್ಳುಳ್ಳಿ ಕಾಣದೆ ಸಪ್ಪಗಾದರೂ ಶೆಡ್ಡಿನ ಕಡೆಯಿಂದ ಮದುವೆಮನೆಯ ಘಮ ಬರುತ್ತಿತ್ತು.

ಇಷ್ಟೇ ಆಗಿದ್ದರೆ ಸಹಿಸಿಕೊಳ್ಳುತ್ತಿದ್ದೆ. ಯುಗಾದಿಯ ಮಾರನೆಯ ದಿನ ಹೊಸತೊಡಕು. ನಮ್ಮ ಕಡೆ ಅವತ್ತಿನ ಬಾಡೂಟ ಕೆಟ್ಟರೆ ವರ್ಷವೇ ಕೆಟ್ಟಂತೆ. ಪದ್ಮ ಯಲಹಂಕ, ತಣಿಸಂದ್ರದ ನೆಂಟರಿಗೆಲ್ಲ ಫೋನು ಮಾಡಿ, "ಈ ಸಲ ನಮ್ಮ ಶೆಡ್ಡಿನದೇ ಕೋಳಿ, ಪುಡಿ ಮುಟ್ಟಿಸಿಲ್ಲ, ಬನ್ನಿ" ಎಂದು ಕರೆದುಬಿಟ್ಟಳು. ಅವಳ ತಮ್ಮ ರಮೇಶನಿಗೆ ಕೋಳಿ ಮೇವಿನದೇ ಅಂಗಡಿ. "ಭಾವ, ಪುಡಿ ಇಲ್ದೆ ಅವು ಗುಬ್ಬಚ್ಚಿ ಆಗ್ತವೆ. ನೆಂಟರ ಮುಂದೆ ಮರ್ಯಾದೆ ಹೋಗುತ್ತೆ ನೋಡ್ಕೊಳ್ಳಿ" ಎಂದು ನಕ್ಕ. ನನಗೆ ಊಟ ಸೇರದಾಯಿತು. ದಿನಾ ಶೆಡ್ಡಿಗೆ ಹೋಗಿ ಒಂದೊಂದೇ ಕೋಳಿಯನ್ನು ಎತ್ತಿ ಕೈಯಲ್ಲೇ ತೂಗಿ ನಿಟ್ಟುಸಿರು ಬಿಡುತ್ತಿದ್ದೆ. ಪದ್ಮ ಗದರಿದಳು: "ಹಂಗೆ ಎತ್ತಿ ಇಳಿಸ್ತಿದ್ರೆ ಹೆದರ್ಕೊಂಡೇ ಸೊರಗ್ತವೆ. ಬರೀ ಬೆಳ್ಳುಳ್ಳಿಲಿ ಬೆಳೆಯಲ್ಲ ಕಣ್ರೀ. ನೆಲಕ್ಕೆ ಹಾಸಿರೋ ಹೊಟ್ಟು ಕೆದಕಿ ಒಣಗಿಸಿ, ನೀರಿನ ಡಬ್ಬ ತೊಳೀರಿ." ತೊಳೆದೆ. ಹೂಂ ಅನ್ನುವವನ ಹಣೆಬರಹವೇ ಅಷ್ಟು.

ಹೊಸತೊಡಕಿನ ಬೆಳಿಗ್ಗೆ ದೇವರನ್ನು ನೆನೆದು ತಕ್ಕಡಿಗೆ ಹಾಕಿದರೆ, ಹೆಚ್ಚುಕಡಿಮೆ ಹಿಂದಿನ ಬ್ಯಾಚಿನಷ್ಟೇ ತೂಕ! ಹೋದ ಜೀವ ಬಂದಂತಾಯಿತು. ಮಧ್ಯಾಹ್ನ ರಮೇಶ ಮುದ್ದೆ ಮುರಿಯುತ್ತಾ ಮತ್ತೆ ಮತ್ತೆ ಸಾರು ಹಾಕಿಸಿಕೊಂಡ. ಗುಬ್ಬಚ್ಚಿಯ ಸುದ್ದಿ ಎತ್ತಲಿಲ್ಲ. ನಾನು ಎಲ್ಲವೂ ನನ್ನದೇ ಯೋಜನೆ ಎಂಬಂತೆ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದೆ.

ಆಗ ನಮ್ಮ ಸೋದರತ್ತೆ ನನ್ನ ಹೊಟ್ಟೆಯನ್ನೇ ದಿಟ್ಟಿಸಿ, "ಏನಮ್ಮಿ ಪದ್ಮ, ಇವ್ನೂ ಇಂಗೆ ಮೈ ತುಂಬವ್ನಲ್ಲ, ಇವ್ನಿಗೂ ಕೋಳಿಗಾಕೋದ್ನೇ ಆಕ್ತೀಯಾ?" ಎಂದರು.

"ಇವ್ರಿಗೆ ಯಾವ ಪುಡಿನೂ ಬೇಡ ಅತ್ತೆ, ಸೊಪ್ಪೂ ಬೇಡ. ಸುಮ್ನೆ ಕೂರಿಸಿದ್ರೆ ಸಾಕು, ತೂಕ ಬರುತ್ತೆ."

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ಮನೆಯ ಮರ್ಯಾದೆ ಉಳಿದ ಸಂತೋಷದಲ್ಲಿ ನನ್ನದು ಹೋದದ್ದು ನನಗೆ ಅಷ್ಟಾಗಿ ನಾಟಲಿಲ್ಲ. ಎಲೆ ಹಾಕಿಸಿಕೊಂಡು ಕೂತು, ದೊಡ್ಡ ಮುದ್ದೆಯನ್ನೇ ಕೇಳಿದೆ.