ಇಟ್ಟಿಗೆಗೆ ಹದಿನಾಲ್ಕು, ಬ್ಲಾಕಿಗೆ ಆರು

ನಮ್ಮ ಸೋದರಮಾವನನ್ನು ಊಟಕ್ಕೆ ಕರೆಯುವುದಿದ್ದರೆ ಅಡುಗೆ ಆಮೇಲೆ ಮಾಡಿ, ಮೊದಲು ನಿಮ್ಮ ಮನೆಯ ಗೋಡೆಗಳಿಗೆ ಧೈರ್ಯ ಹೇಳಿ! ಚಪ್ಪಲಿ ಬಿಡುವ ಮೊದಲೇ ಮಾವ ಒಂದು ಕಣ್ಣು ಮುಚ್ಚಿ ಮೂಲೆಯಿಂದ ಮೂಲೆಗೆ ನೋಡುತ್ತಾರೆ. ಹಗರಿಬೊಮ್ಮನಹಳ್ಳಿಯ ಬೀಗರ ಹೊಸ ಮನೆಯಲ್ಲಿ, "ಬೀಗ್ರೆ, ಗೋಡಿ ಎರಡು ನೂಲು ಹೊರಗ ವಾಲೇತಿ ನೋಡ್ರಿ" ಅಂದುಬಿಟ್ಟರು. ಎರಡು ನೂಲೆಂದರೆ ಬರೀ ಕಾಲಿಂಚು! ಪಾಪ, ಬೀಗರು ಹೋಳಿಗೆ ತಿನ್ನುವಾಗಲೂ ಆ ಗೋಡೆಯಿಂದ ಮೂರು ಮಾರು ದೂರ ಕೂತಿದ್ದರು.

ಹರಪನಹಳ್ಳಿ ಸುತ್ತಮುತ್ತ ಮೂವತ್ತು ವರ್ಷ ಮನೆ ಕಟ್ಟುವ ಗೌಂಡಿ ಕೆಲಸ ಮಾಡಿದವರು ಮಾವ. ಹೋದ ವರ್ಷ ಲಕ್ವಾ ಹೊಡೆದು ಬಲಗೈ ಬಿದ್ದುಹೋಯಿತು. ಎಡಗೈ ಬಳಸಿ ರೂಢಿ ಮಾಡಿಕೊಳ್ಳಿ ಎಂದರು ಡಾಕ್ಟರು. ಮಾವ ಕೇಳಬೇಕಲ್ಲ! "ಎಡಗೈಯಾಗ ಕರಣಿ ಹಿಡಿಯೋನು ಗೌಂಡಿ ಏನಲೇ?" ಎಂದು ಎಡಗೈಯನ್ನೂ ಮಡಿಲಲ್ಲಿಟ್ಟುಕೊಂಡು ಕೂತುಬಿಟ್ಟರು. ಚಹಾ ಕೂಡ ಅತ್ತೆಯೇ ಕುಡಿಸಬೇಕು. ಅತ್ತೆ ನನ್ನ ಹತ್ತಿರ ಬಂದು, "ಹೆಂಗಾರ ಮಾಡಿ ಆ ಎಡಗೈ ಒಂದು ಎತ್ತಿಸವ್ವಾ, ನಾ ಸೋತೀನಿ" ಎಂದು ಕಣ್ಣೊರೆಸಿಕೊಂಡರು.

ನನಗೆ ಗೊತ್ತಿದ್ದ ಔಷಧಿ ಒಂದೇ, ಭಾನುವಾರ ನಾನೂ ತಂಗಿಯೂ ಆಡುವ ಕಥೆಯಾಟ. ನಾನು ಕಥೆ ಹೇಳುವುದು, ಉಳಿದವರು ಅದರೊಳಗಿನ ಪಾತ್ರಗಳಾಗುವುದು, ಗೆದ್ದರೋ ಸೋತರೋ ಎಂಬುದನ್ನು ದಾಳ ಹೇಳುವುದು. ದಾಳ ಎಸೆಯಲಿಕ್ಕಾದರೂ ಮಾವ ಕೈ ಎತ್ತಬೇಕಲ್ಲ ಎಂದು ನನ್ನ ಉಪಾಯ. ಅತ್ತೆಯನ್ನು ರಾಣಿ ಮಾಡಿದೆ, ಮಾವನನ್ನು ವೀರ ಮಾಡಿದೆ. ಮಾವ ಏನು ಮಾಡಿದರು? "ನಂದೂ ನೀನೇ ಒಗಿ" ಎಂದು ತಂಗಿಗೆ ದಾಳವನ್ನು ಗದ್ದದಲ್ಲೇ ತೋರಿಸಿದರು!

ಹೋಗಲಿ, ಆಟವನ್ನಾದರೂ ಆಡಿದರೇ? ಕೋಟೆಯ ಗೋಡೆ ಬಂತು. "ಕಲ್ಲಿನ ಗೋಡೆ, ಗಟ್ಟಿತನ ಮೂವತ್ತು" ಎಂದು ನನ್ನ ಅಂಕದ ಪಟ್ಟಿ ನೋಡಿ ಓದಿದೆ.

"ಯಾವ ಕಲ್ಲು?"

"ಕಲ್ಲು ಅಂದ್ರ ಕಲ್ಲು, ಮಾವ."

"ಗಾರಿದೋ, ಮಣ್ಣಿಂದೋ? ಎಷ್ಟು ದಪ್ಪ? ಕಟ್ಟಿದಾವ ಯಾರು?"

ಕಟ್ಟಿದವನು ರಾಕ್ಷಸ ಎಂದೆ. "ಹಂಗಾರ ತೂಗುಗುಂಡು ಬಿಟ್ಟು ನೆಟ್ಟಗೈತೋ ಇಲ್ಲೋ ನೋಡಿರಾಕಿಲ್ಲ, ಐದು ಕಳಿ" ಎಂದರು.

ಅಲ್ಲಿಗೆ ರಾಕ್ಷಸ ಹಿಂದೆ ಬಿದ್ದ, ನನ್ನ ಪಟ್ಟಿ ಮುಂದೆ ಬಂತು. ಮೂರು ಭಾನುವಾರ ಮಾವನ ಅಂಗಳದಲ್ಲಿ ಪರೀಕ್ಷೆ! ನಾನೂ ತಂಗಿಯೂ ಕೂಲಿಯಾಳುಗಳು. ಹಡಗಲಿಯ ಇಟ್ಟಿಗೆ, ಸಿಮೆಂಟ್ ಬ್ಲಾಕು, ಹಳೆ ಗಾರೆಯ ಹೆಂಟೆ, ಎಲ್ಲವನ್ನೂ ಮೊಣಕಾಲೆತ್ತರ, ಸೊಂಟದೆತ್ತರ, ಎದೆಯೆತ್ತರದಿಂದ ಬೀಳಿಸುವುದು, ಮಾವ ಖುರ್ಚಿಯಲ್ಲಿ ಕೂತು ಅಂಕ ಕೊಡುವುದು. ಇಟ್ಟಿಗೆಗೆ ಹದಿನಾಲ್ಕು, ಬ್ಲಾಕಿಗೆ ಆರು! ರಾಕ್ಷಸ ಬಾಯಿಂದ ಬೆಂಕಿ ಉಗುಳಿದ ಎಂದರೆ, "ಬೆಂಕ್ಯಾಗ ಬೆಂದು ಬಂದ ಇಟ್ಟಿಗಿಗೆ ನಿನ್ನ ಬೆಂಕಿ ಏನ್ ಮಾಡೀತವ್ವಾ?" ಎಂದು ನಕ್ಕರು. ರಾಕ್ಷಸನಿಗೇ ಅವಮಾನವಾಗಿರಬೇಕು. ಅತ್ತೆ ಸೊಂಟಕ್ಕೆ ಕೈಯಿಟ್ಟು, "ಅವ್ರ ಕೈ ಎತ್ತಿಸು ಅಂದ್ರ ನಿಮ್ಮ ಕೈ ಬೀಳಂಗ ಮಾಡ್ಕೊಂಡ್ರಲ್ಲೇ" ಎಂದರು.

ನಾಲ್ಕನೆಯ ಭಾನುವಾರ ರಾಣಿ, ಅಂದರೆ ಅತ್ತೆ, ಸೆರೆಮನೆಯಲ್ಲಿ ಸಿಕ್ಕಿಬಿದ್ದರು. ಮೇಲಿನ ಮಾಳಿಗೆ ಕುಸಿಯುತ್ತಿದೆ, ಉಳಿದಿರುವುದು ಮೂರೇ ಸರದಿ. ನಡುವೆ ಮಣ್ಣಿನಲ್ಲಿ ಕಟ್ಟಿದ ಎರಡಡಿ ಕಲ್ಲಿನ ಗೋಡೆ. ಮಾವನೇ ತಿದ್ದಿದ ಪಟ್ಟಿಯ ಪ್ರಕಾರ ಅದಕ್ಕೆ ಹನ್ನೆರಡು ಏಟು ಬೇಕು, ಸರದಿಗೆ ಸಿಗುವುದು ಒಂದೇ ಏಟು.

"ಸ್ವಲ್ಪ ಅಂಕ ಕಡಿಮಿ ಮಾಡಾಣ ಮಾವ" ಎಂದೆ.

"ಸುಳ್ಳು ಗೋಡಿ ಕಟ್ಟಂಗಿಲ್ಲ, ಸುಳ್ಳು ಕೆಡವಂಗೂ ಇಲ್ಲ!"

ಅತ್ತೆ ಮೇಜಿನ ಆಚೆಯಿಂದ, "ಆತು ಬಿಡ್ರಿ, ನಾ ಇಲ್ಲೇ ಸಾಯ್ತೀನಿ" ಎಂದರು. ಚೇಷ್ಟೆಗೇ ಅಂದದ್ದು. ಆದರೆ ಮಾವನ ಮುಖ ಬಿಳಿಚಿತು.

"ಬಡಿಯೂದು ಯಾಕ? ಚಕ್ಕಿ ಕೀಳ್ತೀನಿ" ಎಂದರು.

ದೊಡ್ಡ ಕಲ್ಲುಗಳ ಸಂದಿಗೆ ಗೌಂಡಿಗಳು ಸಣ್ಣ ಚಕ್ಕೆಗಲ್ಲು ಬಿಗಿಯುತ್ತಾರೆ. ಅದನ್ನು ಕಿತ್ತರೆ ದೊಡ್ಡ ಕಲ್ಲು ಸಡಿಲ. ಇದನ್ನು ವಿವರಿಸಲು ಮಾವನಿಗೆ ಬಾಯಿ ಸಾಲಲಿಲ್ಲ. ಮಡಿಲಲ್ಲಿದ್ದ ಎಡಗೈ ಮೇಲೆದ್ದಿತು. ಗಾಳಿಯಲ್ಲೇ ಸಂದಿ ಹುಡುಕಿತು, ಬೆರಳು ತೂರಿಸಿತು, ಚಕ್ಕೆ ಎಳೆಯಿತು. "ಇದು ಬಂತು… ತಡಿ, ಇದು ಭಾರ ಹೊತ್ತೇತಿ, ಇದನ್ನ ಮುಟ್ಟಬಾರದು… ಹಾಂ, ಇದು ಬಂತು." ತಂಗಿ ದಾಳ ಎಸೆಯುವುದನ್ನು ಮರೆತಳು. ನಾನು ಸರದಿ ಎಣಿಸುವುದನ್ನು ಮರೆತೆ. ಎಣಿಸಿದ್ದರೂ ಹೇಳುತ್ತಿರಲಿಲ್ಲ.

"ಒಬ್ರು ತೂರುವಷ್ಟು ಕಂಡಿ ಆತು" ಎಂದು ಮಾವ ಆ ಕೈಯನ್ನು ಮೇಜಿನ ಮೇಲೆ ಚಾಚಿದರು. "ಬಾ, ತಲಿ ಬಗ್ಗಿಸಿ ಬಾ."

ಅತ್ತೆ ನಿಜವಾಗಿಯೂ ಎದ್ದರು. ನಿಜವಾಗಿಯೂ ತಲೆ ಬಗ್ಗಿಸಿದರು. ಮೇಜು ಸುತ್ತಿ ಬಂದು ಆ ಎಡಗೈಯನ್ನು ಹಿಡಿದುಕೊಂಡರು. ಮಾವ ಎಳೆದುಕೊಂಡರು. ಹಿಡಿತ ಬಿಗಿಯಾಗಿತ್ತು.

"ಬಂದ್ಯಲ್ಲಾ, ಇನ್ನೇನು ಬಿಡು" ಎಂದರು ಮಾವ, ನಾಚಿಕೊಂಡು.

"ಬಿಡಬ್ಯಾಡ್ರಿ," ಎಂದರು ಅತ್ತೆ, "ಒಂದು ಕಾಲು ಇನ್ನೂ ಒಳಗೈತಿ."