ಸಂಸಾರಸ್ಥನ ಕೋರೆಹಲ್ಲು

ಕೆಟ್ಟವನಾಗಿಯೇ ತೀರಬೇಕೆಂದು ನಾನು ಪಣ ತೊಟ್ಟದ್ದು ಒಂದು ಸೋಮವಾರ ಸಂಜೆ ಏಳು ನಲವತ್ತಕ್ಕೆ. ಅಲ್ಲಿಯವರೆಗೆ, ನೋಡಿ, ನನ್ನಷ್ಟು ಒಳ್ಳೆಯವನು ನಮ್ಮ ಬೀದಿಯಲ್ಲೇ ಇರಲಿಲ್ಲ. ಸರತಿ ಸಾಲಿನಲ್ಲಿ ನುಗ್ಗಿದವನಲ್ಲ, ಗ್ರಂಥಾಲಯದ ಪುಸ್ತಕ ತಡ ಮಾಡಿದವನಲ್ಲ, ಲಿಫ್ಟಿನಿಂದ ಎಲ್ಲರೂ ಇಳಿದ ಮೇಲೆ ಇಳಿಯುವವನು. ಇಷ್ಟೆಲ್ಲ ಒಳ್ಳೆಯತನ ಕಟ್ಟಿಕೊಂಡು ಸಾಧಿಸಿದ್ದೇನು? ಹೆಂಡತಿ ಟಿ.ವಿ.ಯಲ್ಲಿ ಒಬ್ಬ ರಾಕ್ಷಸನನ್ನು ಕಣ್ಣು ಮಿಟುಕಿಸದೆ ನೋಡುವುದು, ಅವಳನ್ನು ನಾನು ಹಿಂದಿನ ಕುರ್ಚಿಯಿಂದ ನೋಡುವುದು!

ರಾಕ್ಷಸನೆಂದರೆ ಪೂರ್ತಿ ರಾಕ್ಷಸನಲ್ಲ, ಅರ್ಧ. ವಯಸ್ಸು ಒಂಬೈನೂರು, ನೋಡಲು ಇಪ್ಪತ್ತೆಂಟು. ಬೇಸಿಗೆಯಲ್ಲೂ ಕರಿಕೋಟು, ನಕ್ಕರೆ ಎರಡು ಕೋರೆಹಲ್ಲು. ಹನ್ನೆರಡನೆಯ ಕಂತಿನಲ್ಲಿ ನಾಯಕಿಯ ಚಿಕ್ಕಪ್ಪನನ್ನೇ ಮುಗಿಸಿದ್ದ. ಆದರೂ ಕಣ್ಣಲ್ಲಿ ಎರಡು ಹನಿ ನೀರು ತಂದುಕೊಂಡು ಬಂದಾಗ ನಾಯಕಿಯ ಮನೆಮಂದಿಯೆಲ್ಲ ಕ್ಷಮಿಸಿಬಿಟ್ಟರು. ನಾಯಕಿಯೇನು ಸಾಧ್ವಿಯೇ? ಇವನ ಪ್ರಾಣ ಉಳಿಸಲು ತನ್ನ ಗೆಳತಿಯನ್ನೇ ಪಾತಾಳದವರಿಗೆ ಒಪ್ಪಿಸಿ ಬಂದವಳು!

"ಅವನು ಕೆಟ್ಟವನಲ್ಲ ರೀ. ಕೆಟ್ಟದ್ದರ ಸೆಳೆತಕ್ಕೆ ಸಿಕ್ಕೊಂಡವನು," ಎಂದಳು ನನ್ನವಳು.

"ಹಾಗಾದ್ರೆ ನಾನು ಒದ್ದೆ ಟವಲ್ ಹಾಸಿಗೆ ಮೇಲೆ ಬಿಟ್ಟೆನಲ್ಲ, ಅದೂ ಸೆಳೆತಾನೇ!"

"ಅಲ್ಲ, ಅದು ಸೋಮಾರಿತನ. ಸ್ವಲ್ಪ ಸುಮ್ನಿರಿ, ಅವನು ಬಂದ."

ಅವನು ಬಂದ! ಇವಳ ಬಾಳಿಗೆ ನಾನು ಬಂದು ಹನ್ನೊಂದು ವರ್ಷವಾಯಿತು, ಯಾರಿಗೂ ಗೊತ್ತಾದಂತಿಲ್ಲ. ಈ ಧಾರಾವಾಹಿ ಶುರುವಾಗುವ ಮೊದಲು ಸಂಜೆ ಏಳೂವರೆ ಎಂದರೆ ನಮ್ಮಿಬ್ಬರ ಹೊತ್ತು. ಚಹಾ ಕುಡಿಯುತ್ತಾ ದಿನದ ಸುದ್ದಿಯನ್ನೆಲ್ಲ ನಾನು ಹೇಳುತ್ತಿದ್ದೆ, ಅವಳು ಕೇಳುತ್ತಿದ್ದಳು. ಎಂಥ ಅನ್ಯೋನ್ಯ ದಾಂಪತ್ಯ! ಆ ಅರ್ಧ ಗಂಟೆಯನ್ನು ಈ ಕರಿಕೋಟಿನವನು ಮೂರು ತಿಂಗಳಿಂದ ನುಂಗಿ ಕೂತಿದ್ದ. ಅದು ನನಗೆ ವಾಪಸ್ಸು ಬೇಕಿತ್ತು. ಅದಕ್ಕಾಗಿ ಸ್ವಲ್ಪ ರಾಕ್ಷಸನಾಗುವುದಕ್ಕೂ ನಾನು ಸಿದ್ಧನಿದ್ದೆ.

ಅದೃಷ್ಟಕ್ಕೆ ನನ್ನ ಕಸುಬೂ ಅಂಥದ್ದೇ. ನಾನು ಹಲ್ಲು ಕಟ್ಟುವವನು. ಡಾಕ್ಟರಮ್ಮನ ದವಾಖಾನೆಯ ಹಿಂದಿನ ಕೋಣೆಯಲ್ಲಿ ಮೇಣ, ಗಾರೆ, ಅಚ್ಚುಗಳ ನಡುವೆ ಕೂತು ಹಲ್ಲಿನ ಸೆಟ್ಟು, ಕ್ಯಾಪು ಎಲ್ಲ ಮಾಡುತ್ತೇನೆ. ಈ ಊರಿನ ಅರ್ಧಕ್ಕರ್ಧ ನಗು ನನ್ನದೇ ಕೈಕೆಲಸ! ಅಂಥವನಿಗೆ ಎರಡು ಕೋರೆಹಲ್ಲು ಯಾವ ಲೆಕ್ಕ? ಮರುದಿನ ಸಂಜೆ ಡಾಕ್ಟರಮ್ಮ ಬೇಗ ಹೊರಟಿದ್ದರು. ನನ್ನದೇ ಬಾಯಿಯ ಅಚ್ಚು ತೆಗೆದು ಒಂದು ಜೊತೆ ಕ್ಯಾಪು ತಯಾರಿಸಿದೆ. ನುಣುಪೇನು, ಮೊನೆಯೇನು, ನಿಜವಾದ ರಾಕ್ಷಸ ನೋಡಿದ್ದರೆ ನನಗೂ ಒಂದು ಸೆಟ್ಟು ಮಾಡಿಕೊಡಪ್ಪಾ ಎಂದು ಕಾಲಿಗೆ ಬೀಳುತ್ತಿದ್ದ.

ಕನ್ನಡಿ ಮುಂದೆ ನಿಂತೆ. ಏನೋ ಕೊರತೆ. ಹೌದು, ಕನ್ನಡಕ! ಒಂಬೈನೂರು ವರ್ಷವಾದರೂ ಯಾವ ರಾಕ್ಷಸನೂ ಕನ್ನಡಕ ಹಾಕುವುದಿಲ್ಲ. ತೆಗೆದು ಜೇಬಿಗಿಟ್ಟೆ. ಈಗ ಕನ್ನಡಿಯಲ್ಲಿ ನಾನೂ ಇರಲಿಲ್ಲ, ಕನ್ನಡಿಯೂ ಇರಲಿಲ್ಲ. ಪರವಾಗಿಲ್ಲ, ಕೈಗೆ ಅಭ್ಯಾಸವಿದೆಯಲ್ಲ! ತಾತ್ಕಾಲಿಕವಾಗಿ ಅಂಟಿಸುವ ಸಿಮೆಂಟಿನ ಟ್ಯೂಬು ತಡಕಿ, ಕ್ಯಾಪಿನೊಳಗೆ ಹಾಕಿ, ಒತ್ತಿ ಹಿಡಿದೆ. ಕರಿ ಅಂಗಿ ತೊಟ್ಟು ಮನೆಯ ಹಾದಿ ಹಿಡಿದೆ. ಯೋಜನೆ ಸರಳ. ಅಮ್ಮ ನಾಲ್ಕು ದಿನಕ್ಕೆಂದು ನನ್ನ ತಂಗಿಯ ಮನೆಗೆ ಹೋಗಿದ್ದಳು. ಮನೆಯಲ್ಲಿ ಹೆಂಡತಿ ಒಬ್ಬಳೇ. ಬಾಗಿಲು ತೆಗೆಯುತ್ತಾಳೆ, ನಾನು ಮೆಲ್ಲಗೆ ನಗುತ್ತೇನೆ, ಅವಳ ಎದೆ ಝಲ್ಲೆನ್ನುತ್ತದೆ.

ಬಾಗಿಲು ತೆರೆಯಿತು. ಝಲ್ಲೆಂದದ್ದು ನನ್ನ ಎದೆ. ಎದುರಿಗೆ ಅಮ್ಮ!

"ಬಂದ್ಬಿಟ್ಟೆ ಕಣೋ. ಅವರ ಮನೇಲಿ ಏಳೂವರೆಗೆ ಅದೇನೋ ಚೆಂಡಿನ ಆಟ ಹಾಕ್ಕೊಂಡು ಕೂರ್ತಾರೆ. ಆ ದರಿದ್ರದವನಿಗೆ ಎರಡು ದಿನದಿಂದ ನಾನು ಬೈದೇ ಇಲ್ಲ!"

ಅಮ್ಮ ಧಾರಾವಾಹಿ ನೋಡುವುದೇ ಅವನಿಗೆ ಬೈಯುವುದಕ್ಕೆ. ಅವನ ಕೋರೆ ಉದುರಿಸುತ್ತೇನೆಂದು ದಿನಾ ಟಿ.ವಿ.ಗೆ ಕೈ ತೋರಿಸುವವಳು. ನಾನು ಬಾಯಿಗೆ ಬೀಗ ಜಡಿದುಕೊಂಡು, "ಹ್ಞೂಂ" ಎಂದು ಬಚ್ಚಲಿಗೆ ನುಗ್ಗಿದೆ. ಕ್ಯಾಪು ತೆಗೆದಿಟ್ಟು ಮತ್ತೆ ಒಳ್ಳೆಯವನಾಗಿಬಿಡೋಣವೆಂದು ಎಳೆದೆ. ಬರಲಿಲ್ಲ. ಟವಲ್ಲಿನಲ್ಲಿ ಹಿಡಿದು ಎಳೆದೆ. ಬರಲಿಲ್ಲ! ಬಿಸಿನೀರು, ತಣ್ಣೀರು, ಕೊನೆಗೆ ಕಣ್ಣೀರು, ಯಾವುದಕ್ಕೂ ಬಗ್ಗಲಿಲ್ಲ. ಆಗ ಹೊಳೆಯಿತು. ನಮ್ಮ ಮೇಜಿನ ಮೇಲೆ ಎರಡು ಟ್ಯೂಬುಗಳಿರುತ್ತವೆ. ಒಂದು ತಾತ್ಕಾಲಿಕ, ಒಂದು ಖಾಯಂ. ಎರಡಕ್ಕೂ ಇರುವ ವ್ಯತ್ಯಾಸ ಒಂದು ಸಣ್ಣ ಬಣ್ಣದ ಗೆರೆ. ಅದು ಕಾಣುವುದು ಕನ್ನಡಕ ಇರುವವರಿಗೆ ಮಾತ್ರ.

ಜೇಬಿನ ಕನ್ನಡಕ ಏರಿಸಿಕೊಂಡು ಬಚ್ಚಲಿನಿಂದಲೇ ಡಾಕ್ಟರಮ್ಮನಿಗೆ ಮೆಸೇಜು ಕಳಿಸಿದೆ. "ಮೇಡಂ, ತುರ್ತು. ಕೋರೆಹಲ್ಲಿನ ತೊಂದರೆ."

"ಯಾವ ಪೇಷೆಂಟು?"

"ನಾನೇ."

"ಏನಾಗಿದೆ?"

"ಬೆಳೆದಿದೆ."

ಫೋಟೋ ಕಳಿಸಿ ಎಂದರು. ಕಳಿಸಿದೆ. ಆಮೇಲೆ ಉತ್ತರ ಬಂತು. "ಬೆಳಿಗ್ಗೆ ಒಂಬತ್ತಕ್ಕೆ ಬನ್ನಿ, ಕೊರೆದು ತೆಗೀತೀನಿ. ಅಲ್ಲೀವರೆಗೆ ಯಾರನ್ನೂ ಕಚ್ಚಬೇಡಿ."

ತುಟಿ ಬಿಗಿದುಕೊಂಡು ಹೊರಗೆ ಬಂದು ಸೋಫಾದ ತುದಿಯಲ್ಲಿ ಕೂತೆ. "ಹಲ್ಲು ನೋವಾ?" ಎಂದಳು ಹೆಂಡತಿ. ತಲೆಯಾಡಿಸಿದೆ. "ಹಲ್ಲು ಕಟ್ಟೋನಿಗೇ ಹಲ್ಲು ನೋವು! ತೆಗಿ ಬಾಯಿ, ಬ್ಯಾಟರಿ ಬಿಟ್ಟು ನೋಡ್ತೀನಿ," ಎಂದು ಎದ್ದಳು ಅಮ್ಮ. ಪುಣ್ಯಕ್ಕೆ ಅಷ್ಟರಲ್ಲಿ ಧಾರಾವಾಹಿಯ ಹಾಡು ಶುರುವಾಯಿತು. ಮಗನ ಬಾಯಿಗಿಂತ ರಾಕ್ಷಸನ ಬಾಯಿ ಮುಖ್ಯವಾಗಿ ಅಮ್ಮ ಕೂತುಬಿಟ್ಟಳು.

ಮೂರು ತಿಂಗಳಲ್ಲಿ ಮೊದಲ ಸಲ ಆ ಧಾರಾವಾಹಿಯನ್ನು ನಾನು ಮಧ್ಯೆ ಬಾಯಿ ಹಾಕದೆ ನೋಡಿದೆ. ಹಾಕುವುದಕ್ಕೆ ಬಾಯಿ ಎಲ್ಲಿತ್ತು! ನಾಯಕಿ ಕೋಟೆಯ ಮೇಲೆ ನಿಂತು ತನ್ನ ಕಷ್ಟ ಹೇಳುತ್ತಿದ್ದಳು. ಪಾತಾಳದವರು ಅಧಿಕಾರ ಕೊಡುತ್ತೇವೆಂದು ಕರೆಯುತ್ತಿದ್ದಾರಂತೆ, ಹೋಗಲೋ ಬೇಡವೋ ತಿಳಿಯುತ್ತಿಲ್ಲವಂತೆ. ಅರೆರಾಕ್ಷಸ ಏನು ಮಾಡಿದ ಗೊತ್ತೇ? ಏನೂ ಇಲ್ಲ. ಸುಮ್ಮನೆ ಅವಳನ್ನೇ ನೋಡುತ್ತಾ ನಿಂತಿದ್ದ. ಜಾಹೀರಾತು ಬರುವವರೆಗೆ ಒಂದೇ ಒಂದು ಮಾತಾಡಲಿಲ್ಲ. ಇದಕ್ಕೂ ಇವನಿಗೆ ಸಂಬಳ ಕೊಡುತ್ತಾರಲ್ಲ ಎಂದು ನನಗೆ ಆಶ್ಚರ್ಯವಾಯಿತು.

ಜಾಹೀರಾತಿನ ಹೊತ್ತಿನಲ್ಲಿ ನನ್ನವಳು ಸುಮ್ಮನೆ ಎಂಬಂತೆ, "ಇವತ್ತು ನಮ್ಮ ಆಫೀಸಲ್ಲಿ ಒಂದು ತಮಾಷೆ ಆಯ್ತು," ಎಂದಳು.

ಅವಳ ಕೆಲಸ ಬಸ್ ನಿಲ್ದಾಣದಲ್ಲಿ. ಜನ ಬಸ್ಸಿನಲ್ಲಿ ಬಿಟ್ಟುಹೋದ ಸಾಮಾನುಗಳ ವಿಭಾಗ. ಎಂದಿನ ದಿನವಾಗಿದ್ದರೆ ನಾನು, "ತಮಾಷೆ ಅಂದ್ರೆ ನಮ್ಮಲ್ಲಿ ಆದದ್ದು ಕೇಳು," ಎಂದು ಶುರು ಮಾಡುತ್ತಿದ್ದೆ. ಇವತ್ತು ಹಲ್ಲು ಕಚ್ಚಿಕೊಂಡು ಕೂತೆ. ಅವಳು ಒಂದು ಕ್ಷಣ ಕಾದಳು. ನನ್ನಿಂದ ಏನೂ ಬಾರದ್ದನ್ನು ಕಂಡು ಮುಂದುವರಿಸಿದಳು. ಒಬ್ಬ ವಾರಕ್ಕೊಮ್ಮೆ ಅದೇ ಕೊಡೆಯನ್ನು ಕಳೆದುಕೊಂಡು ವಾರಕ್ಕೊಮ್ಮೆ ಬಂದು ಒಯ್ಯುತ್ತಾನಂತೆ. ಇನ್ನೊಬ್ಬರು ಕಳೆದುಹೋದ ಒಂದು ಚಪ್ಪಲಿಯ ಗುರುತಿಗೆಂದು ಇನ್ನೊಂದನ್ನು ತಂದು, ಅದನ್ನೂ ಅಲ್ಲೇ ಬಿಟ್ಟುಹೋದರಂತೆ. ಧಾರಾವಾಹಿ ಮತ್ತೆ ಶುರುವಾದಾಗ ಅವಳು ಟಿ.ವಿ. ಸದ್ದು ಕಡಿಮೆ ಮಾಡಿದಳು.

"ಲೇ, ಅವನಿಗೆ ಶಾಪ ಹತ್ತೋ ಸಮಯ ಕಣೇ!" ಎಂದಳು ಅಮ್ಮ.

"ಹತ್ಲಿ ಬಿಡಿ ಅತ್ತೆ. ರೀ, ಕೇಳಿ. ಮೂರು ವಾರದಿಂದ ಕರ್ಚೀಫಲ್ಲಿ ಸುತ್ತಿದ ಒಂದು ಹಲ್ಲಿನ ಸೆಟ್ಟು ನನ್ನ ಕಪಾಟಲ್ಲಿದೆ. ಮೇಲಿನ ಸಾಲಲ್ಲಿ ಒಂದು ಹಲ್ಲು ಬೇಕಂತಲೇ ಸೊಟ್ಟ ಇಟ್ಟ ಹಾಗಿದೆ."

ನಾನು ಸೋಫಾದಿಂದ ಹಾರಿಬೀಳುವುದೊಂದು ಬಾಕಿ! ಅದು ನಿವೃತ್ತ ಹೆಡ್‌ಮಾಸ್ತರದ್ದು. ಕಟ್ಟಿಸಿದ ಹಲ್ಲೆಂದು ಯಾರಿಗೂ ಗೊತ್ತಾಗಬಾರದು, ಒಂದನ್ನು ಸೊಟ್ಟ ಮಾಡು ಎಂದು ಹಟ ಹಿಡಿದಿದ್ದರು. ಮಾಡಿದವನು ನಾನೇ! ಮಾತು ಗಂಟಲವರೆಗೆ ಬಂದು ಕೋರೆಗೆ ತಾಗಿ ವಾಪಸ್ಸು ಹೋಯಿತು. ಬರೆದಾದರೂ ತೋರಿಸೋಣವೆಂದು ಪೆನ್ನು ಹುಡುಕಿದೆ. ಪೆನ್ನು ಸಿಗುವಷ್ಟರಲ್ಲಿ ಅವಳ ಮಾತು ಎರಡು ಸ್ಟಾಪು ಮುಂದೆ ಹೋಗಿತ್ತು. ಎರಡನೆಯ ಜಾಹೀರಾತಿನ ಹೊತ್ತಿಗೆ ಟಿ.ವಿ. ಸದ್ದು ಪೂರ್ತಿ ನಿಂತಿತ್ತು. ಅಮ್ಮ ಪರದೆಗೆ ಮೂಗು ತಾಗಿಸಿಕೊಂಡು ರಾಕ್ಷಸನ ತುಟಿಯಾಡುವುದನ್ನು ನೋಡಿ ಅಂದಾಜಿನ ಮೇಲೆ ಬೈಯುತ್ತಿದ್ದಳು.

ಹೆಂಡತಿ ಸೋಫಾದ ಮೇಲೆ ಕಾಲು ಮಡಚಿ ನನ್ನ ಕಡೆ ತಿರುಗಿ ಕೂತಳು.

"ಒಂದು ವಿಷಯ ಇದೆ. ಎಂಟು ಡಿಪೋಗೂ ಸೇರಿಸಿ ಈ ವಿಭಾಗಕ್ಕೆ ಒಬ್ಬರನ್ನ ಮುಖ್ಯಸ್ಥರು ಮಾಡ್ತಾರಂತೆ. ನೀನೇ ಅರ್ಜಿ ಹಾಕು ಅಂತಿದ್ದಾರೆ. ಎರಡು ತಿಂಗಳು ಬೇರೆ ಊರಲ್ಲಿ ತರಬೇತಿ. ನಾಡಿದ್ದು ಕೊನೇ ದಿನ."

ನಾನು ಕಣ್ಣರಳಿಸಿದೆ.

"ಮೂರು ಸಲ ನಿಮ್ಮ ಹತ್ರ ಹೇಳೋಕೆ ಬಂದೆ ರೀ. ಒಂದ್ಸಲ ನೀವು ಯಾರದೋ ದವಡೆ ಅಳತೆ ಹೇಳ್ತಿದ್ರಿ. ಇನ್ನೊಂದ್ಸಲ ಮೇಣ ಒಡೆದ ಕಥೆ. ಮೂರನೇ ಸಲ 'ಆಗುತ್ತೆ ಬಿಡು' ಅಂದ್ರಿ. ಏನು ಅಂತ ನಾನಿನ್ನೂ ಹೇಳಿರ್ಲೇ ಇಲ್ಲ."

ನನಗೆ ನಿಜಕ್ಕೂ ನಾಚಿಕೆಯಾಯಿತು. ಹನ್ನೊಂದು ವರ್ಷ ನಾನು ದಾಂಪತ್ಯ ಎಂದುಕೊಂಡದ್ದು ಬರೀ ನನ್ನ ಭಾಷಣವಾಗಿತ್ತು. ಅಂಥ ಊರಿಗೇ ಒಳ್ಳೆಯವನು ನಾನು!

"ನನ್ನಿಂದ ಆಗುತ್ತಾ ಅಂತ ಭಯ," ಎಂದಳು. "ಎಂಟು ಡಿಪೋ. ನೂರಾರು ಜನ. ಅತ್ತೆ ಏನಂತಾರೋ, ನೀವು ಎರಡು ತಿಂಗಳು ಏನು ಮಾಡ್ಕೋತೀರೋ."

"ಅತ್ತೆ ಏನಂತಾಳೆ? ಹೋಗು ಅಂತಾಳೆ," ಎಂದಳು ಅಮ್ಮ, ಪರದೆಯಿಂದ ಕಣ್ಣು ಕೀಳದೆ. "ಇವನಿಗೆ ಅನ್ನ ಹಾಕೋಕೆ ನಾನಿದೀನಿ. ಮೊದಲು ಆ ಸೌಂಡು ಕೊಡು."

ನಾನು ಅವಳನ್ನೇ ನೋಡುತ್ತಿದ್ದೆ. ಬೇರೇನೂ ಮಾಡುವಂತಿರಲಿಲ್ಲ. ಭಯವನ್ನೆಲ್ಲ ಒಂದೊಂದಾಗಿ ಹೇಳಿ ಮುಗಿಸಿದಳು. ಆಮೇಲೆ ಆ ವಿಭಾಗವನ್ನು ಹೇಗೆ ನಡೆಸಬಹುದೆಂದು ಹೇಳತೊಡಗಿದಳು. ಅವಳ ಕಣ್ಣು ಹೊಳೆಯುತ್ತಿತ್ತು. ಆ ಹೊಳಪನ್ನು ಎಷ್ಟೋ ವರ್ಷದಿಂದ ನಾನು ನೋಡಿರಲಿಲ್ಲ, ನನಗೆ ಖುಷಿಯಾಯಿತು. ಕೊನೆಗೆ ಅವಳೇ, "ಹಾಕ್ಲಾ ಅರ್ಜಿ?" ಎಂದಳು. ಕತ್ತು ಕಳಚುವ ಹಾಗೆ ತಲೆಯಾಡಿಸಿದೆ. ಪತ್ರಿಕೆಯ ಮರೆಯಲ್ಲಿ ಹಾಲಿಗೆ ಬ್ರೆಡ್ಡು ಅದ್ದಿ ತಿಂದು ನಾನು ಮಲಗುವಾಗ ಅವಳು ಅರ್ಜಿಯ ಮೊದಲ ಪುಟ ಬರೆಯುತ್ತಿದ್ದಳು.

ಬೆಳಿಗ್ಗೆ ಕಾಫಿ ಹಿಡಿದು ಬಂದ ಅಮ್ಮನೆದುರು ಮೈಮರೆತು ಬಾಯಿ ತುಂಬ ಆಕಳಿಸಿದೆ.

ಲೋಟ ನೆಲಕ್ಕೆ ಬಿತ್ತು. "ಅಯ್ಯೋ! ನನ್ನ ಮಗನನ್ನೂ ಎಳ್ಕೊಂಡ್ರಲ್ಲೋ ಪಾಪಿಗಳು!" ಎಂದು ಕೂಗಿದ ಅಮ್ಮ ಅಡುಗೆಮನೆಗೆ ಓಡಿ ಸೌಟು ತಂದು, ದಿನಾ ಟಿ.ವಿ.ಗೆ ಹೇಳಿದ್ದನ್ನು ಮಾಡಿಯೇ ತೋರಿಸಿದಳು. ಸೌಟಿನ ಹಿಡಿ ಬಾಗಿತು, ಕೋರೆ ಅಲುಗಲಿಲ್ಲ. ಅಷ್ಟು ಗಟ್ಟಿ ಕೆಲಸ ನನ್ನದು! ಓಡಿಬಂದ ಹೆಂಡತಿ ನನ್ನ ಬಾಯಿ ನೋಡಿದಳು, ಕರಿ ಅಂಗಿ ನೋಡಿದಳು, ಎಲ್ಲ ಅರ್ಥವಾಗಿ ಗೋಡೆಗೆ ಒರಗಿ ನಗುತ್ತಾ ಹಾಗೇ ನೆಲಕ್ಕೆ ಜಾರಿ ಕೂತಳು.

"ಇದು ನನಗೋಸ್ಕರಾನಾ?"

ಕಟ್ಟೆ ಒಡೆಯಿತು. ಸಿಮೆಂಟು, ಕನ್ನಡಕ, ಹೆಡ್‌ಮಾಸ್ತರ ಸೊಟ್ಟ ಹಲ್ಲು, ಹದಿಮೂರು ಗಂಟೆ ತಡೆದಿಟ್ಟದ್ದೆಲ್ಲ ಒಂದೇ ಉಸಿರಿಗೆ ಹೊರಬಂತು. ಬಟ್ಟೆ ಬದಲಿಸುವಾಗ ಹೇಳಿದೆ, ಮೆಟ್ಟಿಲಿಳಿಯುವಾಗ ಹೇಳಿದೆ, ಆಟೋದಲ್ಲಿ ಹೇಳಿದೆ. ಆಟೋದವನು ಕನ್ನಡಿಯಲ್ಲಿ ನನ್ನ ಬಾಯಿ ನೋಡಿದವನು ಮೂರು ಸಿಗ್ನಲ್ ಹಾರಿಸಿ ದವಾಖಾನೆಗೆ ಮುಟ್ಟಿಸಿದ. ಹೆಂಡತಿ ಮೊದಲು ನಗುತ್ತಿದ್ದಳು, ಆಮೇಲೆ ಹ್ಞೂಂಗುಟ್ಟುತ್ತಿದ್ದಳು, ಕೊನೆಗೆ ಕಿಟಕಿಯಾಚೆ ನೋಡುತ್ತಿದ್ದಳು.

ಡಾಕ್ಟರಮ್ಮ ದೀಪ ಹಾಕಿ ಬಾಯಿಯೊಳಗೆ ಬಗ್ಗಿದರು. "ಏನೇ ಹೇಳಿ, ಕೆಲಸ ಮಾತ್ರ ಅಚ್ಚುಕಟ್ಟು," ಎಂದರು. ನಾನು ಉಬ್ಬಿಹೋದೆ. ಈ ಅಚ್ಚು ತೆಗೆಯುವಾಗ ಮೇಣ ಎಷ್ಟು ಬಿಸಿ ಇತ್ತೆಂದು ವಿವರಿಸತೊಡಗಿದೆ. ಅವರು ಕೊರೆಯುವ ಯಂತ್ರ ಕೈಗೆತ್ತಿಕೊಂಡು, "ಹತ್ತು ನಿಮಿಷದಲ್ಲಿ ಮುಗಿಯುತ್ತೆ. ಶುರು ಮಾಡ್ಲಾ?" ಎಂದರು.

ನಾನು ಬಾಯಿ ತೆರೆದೆ.

ಹೆಂಡತಿ ಮುಂದೆ ಬಂದು ಯಂತ್ರದ ಮೇಲೆ ಮೆಲ್ಲಗೆ ಕೈಯಿಟ್ಟಳು.

"ಡಾಕ್ಟ್ರೇ, ಅವಸರ ಏನಿಲ್ಲ, ಶುಕ್ರವಾರ ತೆಗೀರಿ. ನಂದು ಇನ್ನೂ ಅರ್ಧ ಮಾತು ಬಾಕಿ ಇದೆ."